ಅಂತರಾಯ

ವೇರೂಳಿನ (ಎಲ್ಲೋರಾ) 32ನೇ ಗುಹೆಗೆ ಇಂದ್ರಸಭೆ ಎಂಬ ಹೆಸರು. ಅಲ್ಲಿ ತೀರ್ಥಂಕರ ಪಾರ್ಶ್ವನಾಥ ಕಾಯೋತ್ಸರ್ಗದಲ್ಲಿ ನಿಂತಿದ್ದಾನೆ. ಅವನ ವೈರಿ ಕಮಠನ ದಂಡು ಸುತ್ತುವರಿದಿದೆ: ಕೋಣವೇರಿದವನೊಬ್ಬ, ಸಿಂಹವೇರಿದವನೊಬ್ಬ, ತಲೆಯ ಮೇಲೆ ಬಂಡೆಯೆತ್ತಿ ಹಿಡಿದವನೊಬ್ಬ. ಧರಣೇಂದ್ರ ಹೆಡೆ ಬಿಚ್ಚಿದ್ದಾನೆ, ಪದ್ಮಾವತಿ ಕೊಡೆ ಹಿಡಿದಿದ್ದಾಳೆ. ದಿಗಂಬರನಿಂದ ಕಿತ್ತುಕೊಳ್ಳುವುದು ಏನೂ ಇಲ್ಲ. ನಡೆಯುತ್ತಿರುವ ಧ್ಯಾನ ನಿಲ್ಲಬೇಕು, ಕಮಠನಿಗೆ ಬೇಕಾದದ್ದು ಅಷ್ಟೇ. ಹೀಗೆ ಬರಿದೆ ತಡೆಯುವುದು ಪಾಪವೇ? ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಉತ್ತರ ಸ್ಪಷ್ಟ. ವಿಘ್ನ ಮಾಡುವುದರಿಂದಲೇ ಅಂತರಾಯ ಕರ್ಮ ಕಟ್ಟಿಕೊಳ್ಳುತ್ತದೆ. ಕೊಡುವುದು, ಪಡೆಯುವುದು, ಭೋಗ, ಉಪಭೋಗ, ವೀರ್ಯ ಎಂಬ ಐದಕ್ಕೂ ಅಡ್ಡಿಯುಂಟು. ಕದ್ದದ್ದು ಏನೆಂದು ಆ ಸೂತ್ರ ಕೇಳುವುದಿಲ್ಲ.

ಯಂತ್ರಕಲಿಕೆಯ ತಂತ್ರಾಂಶದಲ್ಲಿ ಈ ಪ್ರಶ್ನೆ ಮತ್ತೆ ಎದ್ದಿದೆ. ಹಗ್ಗಿಂಗ್ ಫೇಸ್‌ನ ಟ್ರಾನ್ಸ್‌ಫಾರ್ಮರ್ಸ್ ಲೈಬ್ರರಿಯಲ್ಲಿ, ಪುಟದ ಚಿತ್ರವನ್ನು ಪಠ್ಯವಾಗಿಸುವ ನೂಗಾ ಮಾದರಿಯ ಪಠ್ಯವನ್ನು ಒಪ್ಪಮಾಡುವ ಭಾಗದಲ್ಲಿ ಒಂದು ದೋಷ ಸಿಕ್ಕಿತು. ದಾಖಲೆಯ ಸಂಖ್ಯೆ ಸಿವಿಇ-2024-12720. ಪಠ್ಯದೊಳಗೆ ವಿನ್ಯಾಸ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಷನ್ ಒಂದು ದಾರಿ ತಪ್ಪಿದರೆ ಹಿಂದಕ್ಕೆ ಬಂದು ಇನ್ನೊಂದನ್ನು ಹಿಡಿಯುತ್ತದೆ. ಕೆಟ್ಟ ಸೂತ್ರದಲ್ಲಿ ಅಕ್ಷರ ಹೆಚ್ಚಿದಂತೆ ದಾರಿಗಳು ಇಮ್ಮಡಿಸುತ್ತ ಹೋಗುತ್ತವೆ. 30 ಸಲ ಇಮ್ಮಡಿಸಿದರೆ ನೂರು ಕೋಟಿ ದಾಟಿತು. ಬೇಕೆಂದೇ ಹೊಸೆದ ಪುಟ್ಟ ಪಠ್ಯವೊಂದು ಸಾಕು, ಪ್ರೊಸೆಸರ್ ಅದರಲ್ಲೇ ಮುಳುಗುತ್ತದೆ, ಸರದಿಯಲ್ಲಿದ್ದವರೆಲ್ಲ ಕಾಯುತ್ತಾರೆ.

ಮಾಹಿತಿ ಸೋರಿಲ್ಲ, ಮತ್ತೆ ಚಾಲೂ ಮಾಡಿದರಾಯಿತು, ಇದರಲ್ಲಿ ಹಿಂಸೆಯೇನು ಎಂದು ಕೇಳುವವರಿದ್ದಾರೆ. ಕಾದವರ ಹೊತ್ತನ್ನು ಚಾಲೂ ಮಾಡಿಕೊಡಲು ಬರುವುದಿಲ್ಲ. ಅದು ಅವರ ಆಯುಷ್ಯದ ತುಣುಕು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಆ ರೆಗ್ಯುಲರ್ ಎಕ್ಸ್‌ಪ್ರೆಷನ್ ಬರೆದವನಿಗೆ ಕೇಡಿನ ಉದ್ದೇಶವಿರಲಿಲ್ಲ, ಮೇಲಾಗಿ ಅವನು ಅದನ್ನು ಲೋಕಕ್ಕೆ ಬಿಟ್ಟಿಯಾಗಿ ಕೊಟ್ಟವನು. ಕಮಠನನ್ನೂ ಅವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಖಂಡಿತ ಅನ್ಯಾಯ. ಆದರೆ ಅದೇ ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ದ್ವೇಷದ ಮಾತೆತ್ತದೆ ಪ್ರಮಾದವನ್ನು ಹೆಸರಿಸುತ್ತದೆ. ಮೈಮರೆವೂ ಲೆಕ್ಕಕ್ಕೆ ಬರುತ್ತದೆ. ಬರೆದವರು ತಪ್ಪನ್ನು ತಿದ್ದಿ 4.48.0 ಆವೃತ್ತಿಯಲ್ಲಿ ಕೊಟ್ಟರು. ಅವರ ಪಾಲಿನ ಪ್ರಮಾದ ಅಲ್ಲಿಗೆ ತೀರಿತು ಎಂದೇ ನನ್ನ ತಿಳಿವಳಿಕೆ. ಬಿಟ್ಟಿ ಸಿಕ್ಕಿದ್ದನ್ನು ತಂದು, ಅದರ ಮೇಲೆ ದುಡಿಮೆ ಕಟ್ಟಿ, ತಿದ್ದುಪಡಿ ಬಂದ ಮೇಲೂ ಹಳೆಯದನ್ನೇ ಜನರ ಮುಂದಿಟ್ಟವರ ಪಾಲು ತೀರಿಲ್ಲ. ಬರುವ ಪಠ್ಯದ ಉದ್ದಕ್ಕೆ ಮಿತಿ ಹಾಕದವರ, ಇಷ್ಟು ಸೆಕೆಂಡು ಮೀರಿದರೆ ನಿಲ್ಲು ಎಂದು ಹೇಳದವರ ಪಾಲೂ ತೀರಿಲ್ಲ. ಆ ಕೊಡೆ ಹಿಡಿಯುವುದು ಅವರ ಕೆಲಸವಾಗಿತ್ತು.

ನೂಗಾವನ್ನು ಸೇವೆಗೆ ಹಚ್ಚಿರುವವರು ದಯವಿಟ್ಟು ತಮ್ಮ ಸರ್ವರಿನಲ್ಲಿರುವ ಆವೃತ್ತಿ ಯಾವುದೆಂದು ಇವತ್ತೇ ನೋಡಿ.