ತಿಳಿದ ಮೇಲಿನ ಹೊಣೆ

ಒಬ್ಬ ಸಂಶೋಧಕನು ರೋಗದ ಮೂಲವನ್ನು ಪರೀಕ್ಷಿಸಿ, ಅದನ್ನು ತಡೆಯುವ ದಾರಿಯನ್ನೂ ಬರೆದು ಪ್ರಕಟಿಸಿದನೆನ್ನಿ. ಅಲ್ಲಿಗೆ ಅವನ ಕರ್ತವ್ಯ ಮುಗಿಯಿತೆ? ಮುಗಿಯಿತೆಂದರೆ, ಆ ಬಳಿಕವೂ ಅದೇ ರೋಗದಿಂದ ನರಳಿದವರಿಗೆ ಯಾರು ಉತ್ತರ ಹೇಳಬೇಕು? ನಾರುಹುಣ್ಣಿನ ಚರಿತ್ರೆಯನ್ನು ಓದುವಾಗ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ನಾನಿರುವ ಕರಜಗಿ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಊರು. ಎರಡು ಭಾಷೆಗಳ ನಡುವಿನ ಬದುಕನ್ನು ಕಾಸರಗೋಡಿನ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ನಿಮಗೆ ಮಲಯಾಳ, ನಮಗೆ ಮರಾಠಿ. ಆದರೆ ನಿಮ್ಮದು ಮಳೆಯ ನಾಡು, ನಮ್ಮದು ಬರದ ಸೀಮೆ. ಕನ್ನಡದ ನಾರುಹುಣ್ಣು ಮರಾಠಿಯಲ್ಲಿ ನಾರೂ. ಕರ್ನಾಟಕ, ಮಹಾರಾಷ್ಟ್ರ ಎರಡೂ ಈ ರೋಗದಿಂದ ಬಳಲಿದ ರಾಜ್ಯಗಳೇ.

ಈ ಹುಳು ಸುಮಾರು ಒಂದು ಮೀಟರಿನವರೆಗೂ ಬೆಳೆಯುತ್ತದೆ. ನೀರು ಕುಡಿದು ಒಂದು ವರ್ಷವಾದ ಮೇಲೆ, ಹೆಚ್ಚಾಗಿ ಕಾಲಿನಲ್ಲಿ, ಬೊಬ್ಬೆಯೆದ್ದು ಹೊರಬರುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟೆಂದು ಎಳೆಯಬೇಕು. ಉರಿ ತಾಳಲಾರದೆ ರೋಗಿಯು ಪಾವಟಿಗೆಯ ಬಾವಿಗಿಳಿದು ಕಾಲು ಅದ್ದಿದರೆ, ಮರಿಗಳು ನೀರಿಗೆ ಸೇರುತ್ತವೆ. ಸೈಕ್ಲಾಪ್ಸ್ ಎಂಬ ಸಣ್ಣ ಜಲಜೀವಿ ಅವುಗಳನ್ನು ನುಂಗುತ್ತದೆ. ಆ ನೀರನ್ನು ಮತ್ತೊಬ್ಬರು ಕುಡಿಯುತ್ತಾರೆ. ಸೈಕ್ಲಾಪ್ಸಿನ ಪಾತ್ರವನ್ನು ರಷ್ಯದ ಫೆದ್ಚೆಂಕೊ 1870ರಲ್ಲೇ ತುರ್ಕಿಸ್ತಾನದಲ್ಲಿ ಕಂಡಿದ್ದರು.

ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿ 1930ರ ದಶಕದಲ್ಲಿ ವಿ. ಎನ್. ಮೂರ್ತಿಯವರು ಈ ರೋಗದ ಬೆನ್ನು ಹತ್ತಿದರು. ರಾಕ್‌ಫೆಲರ್ ಪ್ರತಿಷ್ಠಾನದ ಡಬ್ಲ್ಯೂ. ಸಿ. ಸ್ವೀಟ್ ಅವರೊಡನೆ, ಸೈಕ್ಲಾಪ್ಸನ್ನು ತಿನ್ನುವ ಮೀನುಗಳನ್ನು ಬಾವಿಗೆ ಬಿಡುವ ಉಪಾಯವನ್ನು 1936ರಲ್ಲಿ ಪ್ರಕಟಿಸಿದರು. ಮರಿಗಳ ಬೆಳವಣಿಗೆಯನ್ನು ಗಮನಿಸಿ ಬರೆದರು. ನಾಯಿಗಳಿಗೂ ಈ ಸೋಂಕು ತಗಲುವುದನ್ನು ಪ್ರಯೋಗದಿಂದ ಪರೀಕ್ಷಿಸಿದರು. ಮುಂದೆ 2012ರಿಂದ ಆಫ್ರಿಕದ ಚಾಡ್ ದೇಶದಲ್ಲಿ ನಾಯಿಗಳಲ್ಲಿ ಹುಳು ಕಾಣಿಸಿಕೊಂಡಿತು.

ಭಾರತದಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಆರಂಭವಾದದ್ದು 1980ರ ದಶಕದಲ್ಲಿ. ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ರೋಗಮುಕ್ತವೆಂದು ಸಾರಿತು. ಗೆದ್ದದ್ದು ಲಸಿಕೆಯಲ್ಲ, ಮಾತ್ರೆಯೂ ಅಲ್ಲ. ಕೊಡದ ಬಾಯಿಗೆ ಕಟ್ಟಿದ ಬಟ್ಟೆ, ನೀರಿಗೆ ಹಾಕಿದ ಔಷಧಿ, ಇಳಿಯಲಾಗದಂತೆ ಕಟ್ಟಿದ ಬಾವಿ, ಕೊಳವೆಬಾವಿ, ಮನೆಮನೆಗೆ ನಡೆದ ಕಾರ್ಯಕರ್ತರ ಕಾಲು. 1936ರಿಂದ 1996ಕ್ಕೆ ಅರುವತ್ತು ವರ್ಷ! ಸೋಸುವ ಬಟ್ಟೆಗಾಗಿ ಯಾವ ದೇಶವೂ ಇಷ್ಟು ಕಾಲ ಕಾಯಬೇಕಾಗಿರಲಿಲ್ಲ.

ನಾನು ಬ್ಯಾಂಕಿನ ಗುಮಾಸ್ತ. ಚೆಕ್ಕು ಬರೆದ ಮಾತ್ರಕ್ಕೆ ಸಾಲ ತೀರುವುದಿಲ್ಲ, ಹಣ ಕೈಸೇರಿದಾಗ ತೀರುತ್ತದೆ ಎಂಬುದು ನಮ್ಮಲ್ಲಿ ದಿನನಿತ್ಯದ ಮಾತು. ಹಾಗಾದರೆ ಮೂರ್ತಿಯವರದು ಬರಿಯ ಕಾಗದವೆ? ಹಾಗೆನ್ನಲು ಮನಸ್ಸು ಒಪ್ಪುವುದಿಲ್ಲ. ಬಾವಿ ಕಟ್ಟಿಸುವ ಅಧಿಕಾರ ಸಂಶೋಧಕನ ಕೈಯಲ್ಲಿರುವುದಿಲ್ಲ. ಅವನು ಮಾಡುವುದು ಬೇರೆ, ಮತ್ತು ಅದು ಸಣ್ಣದಲ್ಲ. ಕಾರಣ ತಿಳಿಯದಿರುವಾಗ ಜನ ನೋವನ್ನು ಹಣೆಬರಹವೆಂದು ಸಹಿಸುತ್ತಾರೆ. ತಿಳಿದ ಮೇಲೆ ಹಣೆಬರಹದ ಹೆಸರಿನಲ್ಲಿದ್ದ ಸಾಲ ನಮ್ಮ ಹೆಸರಿಗೆ ಬರುತ್ತದೆ. ಸರಕಾರ, ಪಂಚಾಯಿತಿ, ನೆರೆಹೊರೆ ಎಲ್ಲರೂ ಅದಕ್ಕೆ ಬಾಧ್ಯರು. ಬಾವಿಗೆ ಕಾಲಿಟ್ಟ ರೋಗಿಯನ್ನು ಮಾತ್ರ ದೂಷಿಸುವುದು ಆಮೇಲೆ ಅನ್ಯಾಯ. ಅವನಿಗೆ ಬೇರೆ ನೀರಿರಲಿಲ್ಲ. ಆ ಅರುವತ್ತು ವರ್ಷಗಳ ಬಾಕಿ ತಿಳಿಸಿದವರದಲ್ಲ, ತಿಳಿದೂ ಸುಮ್ಮನಿದ್ದವರದು.

ಇದು ಮುಗಿದ ಕಥೆಯೆಂದು ನಾವು ನಿಶ್ಚಿಂತರಾಗಬೇಕಾಗಿಲ್ಲ. ಮಲಯಾಳದ ಮಂತ್, ನಮ್ಮ ಆನೆಕಾಲು, ಇದೂ ಹುಳುವಿನಿಂದಲೇ ಬರುವ ರೋಗ. ತಿರುವಾಂಕೂರಿನಲ್ಲಿ ಅದನ್ನು ಕುರಿತು ಎಂ. ಒ. ಟಿ. ಅಯ್ಯಂಗಾರ್ ಅವರು ಮಾಡಿದ ಅಧ್ಯಯನ 1938ರಲ್ಲೇ ಅಚ್ಚಾಯಿತು. ಅದನ್ನು ಹಬ್ಬಿಸುವುದು ಸೊಳ್ಳೆ ಎಂದು ಈಗ ಶಾಲೆಯ ಮಕ್ಕಳಿಗೂ ಗೊತ್ತು. ಕಲಬುರಗಿ, ಯಾದಗಿರಿಗಳ ಕಡೆ ಆರೋಗ್ಯ ಕಾರ್ಯಕರ್ತೆಯರು ಮನೆಬಾಗಿಲಿಗೇ ಮಾತ್ರೆ ತಂದುಕೊಟ್ಟಿದ್ದಾರೆ. 2027ರೊಳಗೆ ಆನೆಕಾಲನ್ನು ತೊಲಗಿಸುವ ಗುರಿಯನ್ನು ದೇಶ ಇಟ್ಟುಕೊಂಡಿದೆ. ಕಾಯಿಲೆ ಇಲ್ಲದವನು ಮಾತ್ರೆಯನ್ನೇಕೆ ನುಂಗಬೇಕು ಎಂದು ಕೇಳುವವರಿದ್ದಾರೆ. ತನ್ನ ರಕ್ತದಲ್ಲಿರಬಹುದಾದ ಮರಿಹುಳು ಸೊಳ್ಳೆಯ ಮೂಲಕ ನೆರೆಮನೆಯ ಮಗುವಿಗೆ ಹೋಗಬಾರದೆಂದು ನುಂಗಬೇಕು.