ಮಗುವಿನ ವಿದ್ಯೆ, ಮನೆಯ ವಿಳಾಸ

ಮಕ್ಕಳ ವಿದ್ಯಾಭ್ಯಾಸಕ್ಕಾಗಿ ತಂದೆತಾಯಿಗಳು ಊರು ಬಿಡುವುದು, ಮನೆ ಬದಲಿಸುವುದು ನಮ್ಮಲ್ಲಿ ಹೊಸದೇನೂ ಅಲ್ಲ. ಅದನ್ನು ತ್ಯಾಗವೆಂದೇ ಗೌರವಿಸುತ್ತೇವೆ. ಆದರೆ ಮನೆಯಿರುವ ಸ್ಥಳವನ್ನು ನೋಡಿಯೇ ಶಾಲೆಗೆ ಸೇರಿಸಿಕೊಳ್ಳುವ ನಿಯಮವಿದ್ದಲ್ಲಿ ಈ ತ್ಯಾಗದೊಳಗೆ ಒಂದು ಧರ್ಮಸೂಕ್ಷ್ಮವು ಅಡಗಿರುತ್ತದೆ. ಇದಕ್ಕೆ ಇಂಗ್ಲೆಂಡಿನ ವ್ಯವಸ್ಥೆಯು ಸ್ಪಷ್ಟವಾದ ನಿದರ್ಶನ. ಕನ್ನಡಿಗರ ಅನೇಕ ಕುಟುಂಬಗಳು ಅಲ್ಲಿ ನೆಲೆಸಿರುವುದರಿಂದ ಈ ಪ್ರಶ್ನೆ ನಮಗೆ ದೂರದ್ದೂ ಅಲ್ಲ.

ಅಲ್ಲಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಬೋಧನಾ ಶುಲ್ಕವಿಲ್ಲ. ಸ್ಥಾನಗಳಿಗಿಂತ ಅರ್ಜಿಗಳು ಹೆಚ್ಚಾದಾಗ ಮೊದಲೇ ಪ್ರಕಟಿಸಿದ ಕ್ರಮದಂತೆ ಪ್ರವೇಶ ನೀಡುತ್ತಾರೆ. ಸ್ಥಳೀಯ ಆಡಳಿತದ ಪೋಷಣೆಯಲ್ಲಿರುವ ಮಕ್ಕಳಿಗೆ ಅಗ್ರಸ್ಥಾನ. ಅನಂತರ ಅನೇಕ ಶಾಲೆಗಳಲ್ಲಿ, ಗೊತ್ತುಪಡಿಸಿದ ವ್ಯಾಪ್ತಿಯೊಳಗೆ ವಾಸಿಸುವವರಿಗೆ ಅಥವಾ ಶಾಲೆಗೆ ಹೆಚ್ಚು ಸಮೀಪವಿರುವವರಿಗೆ ಆದ್ಯತೆ. ಇದರ ಫಲವಾಗಿ ಒಳ್ಳೆಯ ಶಾಲೆಯ ಸುತ್ತಲಿನ ಮನೆಗಳ ಬೆಲೆ ಏರುತ್ತದೆ. ಶುಲ್ಕವಿಲ್ಲದ ಶಾಲೆಗೂ ಹೀಗೆ ಬೆಲೆಯೊಂದು ಹುಟ್ಟಿಕೊಂಡಿತು.

ಇಲ್ಲಿ ಮೂರು ಬಗೆಯ ಹೆತ್ತವರನ್ನು ಕಾಣುತ್ತೇವೆ. ಸಿರಿವಂತನು ಆ ವ್ಯಾಪ್ತಿಯಲ್ಲಿ ಮನೆ ಕೊಂಡು ನೆಲೆಸುತ್ತಾನೆ. ಎರಡನೆಯವನು ಸ್ವಂತ ಮನೆಯನ್ನು ಉಳಿಸಿಕೊಂಡು, ಪ್ರವೇಶ ದೊರೆಯುವವರೆಗೆ ಮಾತ್ರ ಅಲ್ಲಿ ಬಾಡಿಗೆಗಿರುತ್ತಾನೆ. ಮೂರನೆಯವನು ಬಂಧುವಿನ ವಿಳಾಸವನ್ನು ತನ್ನದೆಂದು ಬರೆಯುತ್ತಾನೆ. ಮೂರನೆಯವನದು ಸುಳ್ಳೆಂಬುದರಲ್ಲಿ ವಿವಾದವಿಲ್ಲ. ಹೀಗೆ ಪಡೆದ ಸ್ಥಾನವನ್ನು ಹಿಂತೆಗೆದುಕೊಳ್ಳಲು ಅಲ್ಲಿನ ಪ್ರವೇಶ ಸಂಹಿತೆಯಲ್ಲಿ ಅವಕಾಶವಿದೆ. ಎರಡನೆಯವನ ನುಡಿ ನಿಜ, ನಡೆ ನಿಜವಲ್ಲ. ಆದ್ದರಿಂದಲೇ ಅನೇಕ ಸ್ಥಳೀಯ ಆಡಳಿತಗಳು ಇಂಥ ತಾತ್ಕಾಲಿಕ ವಿಳಾಸವನ್ನು ಒಪ್ಪುವುದಿಲ್ಲ.

“ಇದೆಲ್ಲವೂ ನನ್ನ ಮಗುವಿಗಾಗಿ” ಎಂದು ಅವರು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಸ್ಥಾನಗಳು ಎಣಿಕೆಯವು. ದೂರವನ್ನು ಅಳೆದು ಮಾಡಿದ ಪಟ್ಟಿಯೊಳಗೆ ಸಲ್ಲದ ಒಂದು ಹೆಸರು ಸೇರಿದರೆ ಕೊನೆಯಲ್ಲಿದ್ದ ಇನ್ನೊಂದು ಮಗು ಹೊರಗುಳಿಯುತ್ತದೆ. ಆ ಮಗುವಿನ ಮುಖವು ನಮಗೆ ಕಾಣುವುದಿಲ್ಲವಾದ್ದರಿಂದ ಮನಸ್ಸು ಅಳುಕುವುದಿಲ್ಲ, ಅಷ್ಟೆ. ಮೇಲಾಗಿ, ಯಾರಾದರೂ ಕೇಳಿದರೆ ಎಲ್ಲಿ ವಾಸವೆಂದು ಹೇಳಬೇಕೆಂಬುದನ್ನು ನಮ್ಮ ಮಗುವಿಗೂ ಕಲಿಸಬೇಕಾಗುತ್ತದೆ. ಅಕ್ಷರಾಭ್ಯಾಸಕ್ಕೆ ಮುನ್ನವೇ ಆಗುವ ಈ ಪಾಠವನ್ನು ಯಾವ ಉತ್ತಮ ಶಾಲೆಯು ಅಳಿಸಬಲ್ಲದು?

ಕೆಲವರ ಅಸತ್ಯದಿಂದ ಸತ್ಯವಂತರೂ ಸಂಶಯಕ್ಕೆ ಗುರಿಯಾಗುತ್ತಾರೆ. 2008ರಲ್ಲಿ ಪೂಲ್ ಪಟ್ಟಣದ ಆಡಳಿತವು, ತಿಳಿಸಿದ ವಿಳಾಸದಲ್ಲಿಯೇ ವಾಸವಾಗಿದ್ದ ಕುಟುಂಬವೊಂದನ್ನು ಸುಮಾರು ಮೂರು ವಾರ ಗುಟ್ಟಾಗಿ ಕಾವಲು ಕಾಯಿತು. ಅದು ಕಾನೂನುಬಾಹಿರವೆಂದು 2010ರಲ್ಲಿ ನ್ಯಾಯಮಂಡಲಿ ತೀರ್ಪಿತ್ತಿತು.

ಹಾಗಾದರೆ ಮೊದಲನೆಯವನು ನಿರ್ದೋಷಿಯೆ? ಅವನು ಸುಳ್ಳಾಡಲಿಲ್ಲ, ನಿಯಮ ಮೀರಲಿಲ್ಲ. ಆದರೆ ಅವನಿಗೆ ಸತ್ಯವು ಸುಲಭವಾದದ್ದು ಹಣವಿದ್ದುದರಿಂದ. ಬಡವನ ಸುಳ್ಳನ್ನು ಖಂಡಿಸಿ, ಸತ್ಯಕ್ಕೆ ಬೆಲೆ ಕಟ್ಟಿದ ವ್ಯವಸ್ಥೆಯ ಬಗ್ಗೆ ಮೌನವಾಗಿರುವುದು ಅರ್ಧ ನ್ಯಾಯ. ಬ್ರೈಟನ್ ನಗರವು 2008ರ ಪ್ರವೇಶದಿಂದ ಪ್ರೌಢಶಾಲೆಗಳಿಗೆ ವ್ಯಾಪ್ತಿಯೊಳಗೆ ಚೀಟಿಯೆತ್ತುವ ಕ್ರಮವನ್ನು ತಂದುದು ಈ ಕೊರತೆಯನ್ನು ಅರಿತೇ. ಆದರೂ ವ್ಯಾಪ್ತಿಯ ಗಡಿ ಉಳಿದೇ ಇತ್ತು.

ನಮ್ಮ ದೇಶದಲ್ಲಿ 1966ರಲ್ಲಿ ವರದಿ ಸಲ್ಲಿಸಿದ ಕೊಠಾರಿ ಆಯೋಗವು ನೆರೆಹೊರೆಯ ಶಾಲೆಯನ್ನು ಬಯಸಿದ್ದು ಬಡವ ಬಲ್ಲಿದರ ಮಕ್ಕಳು ಒಂದೇ ಸೂರಿನಡಿ ಕಲಿಯಲೆಂದು. ನೆರೆಯವರೆಂದರೆ ಕೂಡಿ ಬಾಳುವವರು. ಆ ಮಾತು ಮನೆಯ ದರವನ್ನು ಸೂಚಿಸುವಂತಾದರೆ ಶಾಲೆಯ ಉದ್ದೇಶವೇ ತಲೆಕೆಳಗಾಗುತ್ತದೆ.

ಆದುದರಿಂದ ಮನೆ ಬದಲಿಸುವ ಹೆತ್ತವರು ನಿಜವಾಗಿ ನೆಲೆಸಲಿ, ನೆರೆಯವರಾಗಿ ಬಾಳಲಿ. ವಿಳಾಸದ ಕಾಗದದಲ್ಲಿ ಮಗುವಿನ ಮುಂದೆ ಓದಲಾಗದ್ದನ್ನು ಬರೆಯದಿರಲಿ. ಬಿಟ್ಟುಬಂದ ಬೀದಿಯ ಶಾಲೆಯ ಏಳಿಗೆಗೂ ಕೈಲಾದುದನ್ನು ಮಾಡಲಿ. ಅಲ್ಲಿ ಉಳಿದ ಮಕ್ಕಳೂ ಯಾರೋ ತಾಯಿಯ ಮಕ್ಕಳೇ.