ಹಣೆಬರಹ ಬರೆದವರು ಯಾರು?

ಮೂಳೆ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡುತ್ತ ಹದಿನೆಂಟು ವರ್ಷವಾಯಿತು. ಶನಿವಾರ ಬರುವ ಹುಡುಗರ ಪ್ಯಾಂಟನ್ನು ಕತ್ತರಿಯಲ್ಲಿ ಸೀಳುವಾಗ ರಕ್ತಕ್ಕಿಂತ ಮೊದಲು ಮೂಗಿಗೆ ಬಡಿಯುವುದು ಹೆಂಡದ ವಾಸನೆ.

ಮೊನ್ನೆ ಬಂದವನು ಕುಡಿದಿರಲಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೊರಟವನಿಗೆ ಕುಡಿದವನ ಬೈಕು ಗುದ್ದಿತ್ತು. ತೊಡೆಮೂಳೆಗೆ ರಾಡು ಹಾಕಬೇಕು. ಅವನ ತಾಯಿ ಓಲೆ ಬಿಚ್ಚಿ ಸೆರಗಿಗೆ ಗಂಟು ಹಾಕಿಕೊಂಡು, “ನಮ್ ಹಣೇಲಿ ಬರ್ದಿತ್ತು ಕಣಮ್ಮ” ಅಂದರು.

ಪಾಪ, ಬ್ರಹ್ಮನಿಗೇಕೆ ಈ ಅಪವಾದ? 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ಮೀರಿ ಗಾಡಿ ಓಡಿಸಿದರೆ ಅಪರಾಧ, ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್. 2019ರ ತಿದ್ದುಪಡಿ ಮೊದಲ ತಪ್ಪಿನ ದಂಡವನ್ನು 10,000 ರೂಪಾಯಿಗೆ ಏರಿಸಿತು. ದಂಡ ಸರ್ಕಾರಕ್ಕೆ ಹೋಗುತ್ತದೆ, ಓಲೆ ಗಿರವಿ ಅಂಗಡಿಗೆ.

ಬೌದ್ಧರ ಪಂಚಶೀಲದಲ್ಲಿ ಐದನೆಯದು ಮದ್ಯ ತೊರೆಯುವುದು. ಅದು ಕೊಡುವ ಕಾರಣ ‘ಪ್ರಮಾದ’, ಅಂದರೆ ಎಚ್ಚರ ತಪ್ಪುವುದು. ಮಾಡಿದ್ದುಣ್ಣೋ ಮಹರಾಯ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಇಲ್ಲಿ ಮಾಡಿದವನೊಬ್ಬ, ಉಂಡವನು ಇನ್ನೊಬ್ಬ. ಇದನ್ನು ಕರ್ಮವೆಂದರೆ ಕುಡಿದವನು ಪಾರಾದಂತೆ.

ಬೆಳಗಿನ ಜಾವ ಜ್ವರ ನೋಡಲು ಹೋದಾಗ ಆ ತಾಯಿ ಮಗನ ಕಾಲ ಬಳಿ ತೂಕಡಿಸುತ್ತಿದ್ದರು. ಓಲೆಯ ತೂತು ಮುಚ್ಚದಿರಲೆಂದು ಎರಡೂ ಕಿವಿಗೆ ಪೊರಕೆಕಡ್ಡಿ ಚುಚ್ಚಿಕೊಂಡಿದ್ದರು.